ಬಾಗಿಲಲ್ಲೇ ನಿಲ್ಲುವ ಮಗು

ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಜನರ ಗದ್ದಲ, ಬಂಡೆ ಹತ್ತುವವರ ಓಡಾಟ ಅವಕ್ಕೆ ಆಗಿಬರುವುದಿಲ್ಲ. 2012ರಲ್ಲಿ ಸರ್ಕಾರ ಅಲ್ಲಿನ 300 ಹೆಕ್ಟೇರಿಗೂ ಹೆಚ್ಚು ಜಾಗವನ್ನು ರಣಹದ್ದು ಧಾಮವೆಂದು ಘೋಷಿಸಿತು. ಹಕ್ಕಿಯ ಅಂಜಿಕೆಗೆ ಬೆಟ್ಟವನ್ನೇ ಬಿಟ್ಟುಕೊಟ್ಟ ರಾಮನಗರದವರು ನಾವು. ನಾಲ್ಕು ವರ್ಷದ ಮಗು ಬಾಗಿಲಲ್ಲಿ ಹಿಂದೇಟು ಹಾಕಿದರೆ ಮಾತ್ರ ಹತ್ತು ನಿಮಿಷ ಕಾಯಲಾರೆವು.

ನನ್ನ ಮಗಳು ಅಂಥ ಮಗು. ಮದುವೆಮನೆಯ ವಾಲಗಕ್ಕೆ ಬೆಚ್ಚುತ್ತಾಳೆ, ಹೊಸಬರು ಬಂದರೆ ನನ್ನ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸುತ್ತಾಳೆ. ನೆಂಟರು ‘ಪುಕ್ಕಲಿ’ ಅನ್ನುತ್ತಾರೆ. ಉಣ್ಣದಿದ್ದರೆ ಗುಮ್ಮ ಬರ್ತಾನೆ ಅನ್ನುವವರೂ ಅವರೇ. ಗುಮ್ಮನ ಮಾತನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇನೆ. ಹೆದರಿಸಿ ತುತ್ತು ತಿನ್ನಿಸಿ, ಆಮೇಲೆ ಕತ್ತಲಲ್ಲಿ ಒಬ್ಬಳೇ ಬಚ್ಚಲಿಗೆ ಹೋಗು ಅಂದರೆ ಹೇಗೆ ಹೋದಾಳು? ನನ್ನತ್ತೆ ಯಾರನ್ನೂ ಬೈಯದೆ ‘ಮೊಗ ಬೆಚ್ಚೈತೆ ಕಣವ್ವ’ ಎಂದು ಅಂತ್ರ ಕಟ್ಟಿಸಿದರು. ಅಂತ್ರದಲ್ಲಿ ನನಗೆ ನಂಬಿಕೆಯಿಲ್ಲ. ಕಟ್ಟುವಾಗ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ತಲೆ ಸವರುತ್ತಾ ಕೂತರಲ್ಲ, ಅದರಲ್ಲಿ ಪೂರ್ತಿ ನಂಬಿಕೆಯಿದೆ.

ಅಮೆರಿಕದ ಮನಃಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳ ಮುಂದೆ ಹೊಸ ಆಟಿಕೆ, ಹೊಸ ದನಿಗಳನ್ನಿಟ್ಟು ನೋಡಿದರು. ಐದರಲ್ಲಿ ಒಂದರಷ್ಟು ಕೂಸುಗಳು ಕೈಕಾಲು ಬಡಿದು ಅತ್ತವು. ಮುಂದೆ ಹೊಸದಕ್ಕೆ ಹಿಂಜರಿದವರಲ್ಲಿ ಇವರೇ ಹೆಚ್ಚು. ಆದರೆ ಎಲ್ಲರೂ ಹಾಗೇ ಉಳಿಯಲಿಲ್ಲ. ಸಣ್ಣಪುಟ್ಟ ಕಷ್ಟಕ್ಕೂ ಅಡ್ಡ ನಿಲ್ಲದೆ ಮೆಲ್ಲಗೆ ಮುಂದಕ್ಕೆ ಕರೆದೊಯ್ದ ತಾಯಂದಿರ ಮಕ್ಕಳ ಅಂಜಿಕೆ ಇಳಿಯಿತು. ಇದನ್ನು ತಿಳಿದ ಮೇಲೆ ‘ನೀನೇ ಮುದ್ದು ಮಾಡಿ ಕೆಡಿಸಿದೆ’ ಎಂಬ ಮಾತು ನನಗೆ ತಾಗುವುದಿಲ್ಲ. ಮೆಲ್ಲಗೆ ಎಂದರೆ ಎಷ್ಟು ಮೆಲ್ಲಗೆ ಎಂಬುದಷ್ಟೇ ನನ್ನ ಚಿಂತೆ.

ಮಾಗಡಿ ಕಡೆಯ ನನ್ನ ತವರಿನ ಹಬ್ಬದಲ್ಲಿ ಸೋಮ ಕುಣಿಯುತ್ತಾನೆ. ಗ್ರಾಮದೇವತೆಯ ಬಂಟ. ಮರದ ದೊಡ್ಡ ಮುಖ, ಅಗಲ ಕಣ್ಣು, ಹುರಿಮೀಸೆ, ಕೈಯಲ್ಲಿ ಬೆತ್ತ. ನೋಡಿದವರ ಎದೆ ಝಲ್ಲೆನ್ನಬೇಕು, ಅವನಿರುವುದೇ ಅದಕ್ಕೆ. ಹಬ್ಬಕ್ಕೆ ಮುಂಚೆ ಮಗಳನ್ನು ಜಾನಪದ ಲೋಕಕ್ಕೆ ಕರೆದೊಯ್ದೆ. ಎಚ್.ಎಲ್. ನಾಗೇಗೌಡರು ಕಟ್ಟಿದ, 1994ರಿಂದ ನಮ್ಮೂರ ಹೆದ್ದಾರಿಯ ಪಕ್ಕದಲ್ಲಿರುವ ಆ ಲೋಕದಲ್ಲಿ ಮುಖವಾಡಗಳು ಕುಣಿಯುವುದಿಲ್ಲ, ಮೈಮೇಲೆ ಬರುವುದಿಲ್ಲ. ನನ್ನ ಬೆನ್ನ ಹಿಂದಿನಿಂದ ಇಣುಕಿ, ‘ಹಲ್ಲು ಯಾಕೆ ಹಂಗೈತೆ?’ ಎಂದು ಕೇಳಿದಳು. ಹಬ್ಬದ ದಿನ, ಸೋಮ ಕಟ್ಟುವ ಜಾಗಕ್ಕೂ ಹೋದೆವು. ಅಲ್ಲಿದ್ದವನು ಅವಳು ಬಲ್ಲ ಹಾಲಿನ ಮಾಮ. ಮಾಮನ ಮುಖ ಸೋಮನೊಳಗೆ ಮರೆಯಾಗುವುದನ್ನು ಕಣ್ಣಾರೆ ನೋಡಿದಳು. ತಮಟೆ ಶುರುವಾದಾಗ ನಮ್ಮಣ್ಣ ಅವಳನ್ನೆತ್ತಿ ಸೋಮನ ಮುಂದೆ ಹಿಡಿಯಲು ಬಂದ. ‘ಬೇಡ ಬಿಡಣ್ಣ, ಅವಳೇ ಹೇಳಲಿ’ ಎಂದೆ. ದೂರ, ಇನ್ನೂ ದೂರ ಎನ್ನುತ್ತಾ ಮೂರು ಮನೆಯಾಚೆಯ ಜಗಲಿ ತೋರಿಸಿದಳು. ಅಲ್ಲಿ ನನ್ನ ಸೊಂಟದ ಮೇಲೆ ಕೂತು ಕುಣಿತ ಮುಗಿಯುವವರೆಗೂ ನೋಡಿದಳು.

ಚನ್ನಪಟ್ಟಣದಲ್ಲೂ ಹಾಗೇ. ಬೊಂಬೆ ಮಾಡುವವರ ಲೇತಿನ ಸದ್ದಿಗೆ ಬೀದಿಯಲ್ಲೇ ನಿಂತಳು. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಿಸಿಗೆ ಕರಗಿ ಹಳದಿ ಬಳೆ ಮೂಡುತ್ತದಲ್ಲ, ಅದನ್ನು ನೋಡಲು ತಾನೇ ಒಳಗೆ ಬಂದಳು.

ಕುಕ್ಕರ್ ಕೂಗಿದರೆ ಈಗಲೂ ಕಿವಿ ಮುಚ್ಚುತ್ತಾಳೆ. ಒಲೆ ಹಚ್ಚುವ ಮುಂಚೆ ಅವಳಿಗೆ ಹೇಳುತ್ತೇನೆ, ಪಡಸಾಲೆಗೆ ಹೋಗಿ ಕೂರುತ್ತಾಳೆ. ಅಲ್ಲಿಂದಲೇ ಎಣಿಸಿ, ‘ಮೂರಾಯ್ತು, ಆರ್ಸಮ್ಮ!’ ಎಂದು ಕೂಗಿ ಹೇಳುತ್ತಾಳೆ.