ತವರಿನ ಮೀನು, ಅತ್ತೆಮನೆಯ ರೊಟ್ಟಿ

ಕಾರವಾರದಲ್ಲಿ ಹುಟ್ಟಿ ಧಾರವಾಡದ ಸೊಸೆಯಾದವಳಿಗೆ ರುಚಿಗಳು ಎರಡು. ತವರಿನ ಮೀನಿಗೆ ಅನ್ನವೇ ಜೊತೆ. ಅತ್ತೆಮನೆಯ ಜೋಳದ ರೊಟ್ಟಿಗೆ ಎಣ್ಣೆಗಾಯಿ. ಇವೆರಡನ್ನೂ ಒಂದೇ ತಟ್ಟೆಯಲ್ಲಿ ಕೂಡಿಸಿದ್ದು ಮೆಕ್ಸಿಕೋ ದೇಶದ ಟಾಕೊ ಎಂದರೆ ವಾಚಕರು ನಗಬಹುದು.

ಅಲ್ಲಿಯವರು ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ತೆಳ್ಳಗೆ ರೊಟ್ಟಿ ಸುಟ್ಟು, ಮೀನನ್ನೋ ಮಾಂಸವನ್ನೋ ಒಳಗಿಟ್ಟು ಮಡಿಚಿ ತಿನ್ನುತ್ತಾರೆ. ಪರಕೀಯವೆನ್ನುವಿರಾ? ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಮೆರಿಕ ಖಂಡವೇ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಮೆಣಸಿನಕಾಯಿಯನ್ನು ನಮ್ಮ ನಾಡಿಗೆ ತಂದರು.

ಅಂಕೋಲೆಯ ಕಡೆಯಿಂದ ಅರಬೈಲು ಘಟ್ಟವೇರಿ ಬಂದ ಬಂಗಡೆಯ ಮುಳ್ಳು ಬಿಡಿಸಿ, ಉಪ್ಪು, ಅರಿಸಿನ, ಬ್ಯಾಡಗಿ ಖಾರ, ಲಿಂಬೆರಸ ಸವರಿ ಕಾಲು ತಾಸು ಇಡಿರಿ. ಹಂಚಿನ ಮೇಲೆ ಎರಡು ಚಮಚ ಎಣ್ಣೆ ಸಾಕು. ಬಂಗಡೆಗೆ ತನ್ನದೇ ಕೊಬ್ಬಿದೆ, ಅದು ಹೃದಯಕ್ಕೆ ಹಿತಕರ. ಹೆಚ್ಚಿದ ಎಲೆಕೋಸು, ಉಳ್ಳಾಗಡ್ಡಿ, ಗಟ್ಟಿ ಮೊಸರು ಜೊತೆಗಿರಲಿ. ರೊಟ್ಟಿ ಮಾತ್ರ ಬಿಸಿಯಾಗಿರಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ; ಕುದಿನೀರಿನಲ್ಲಿ ನಾದಿದ ರೊಟ್ಟಿ ಬಿಸಿಯಿರುವಾಗ ಬಾಗುತ್ತದೆ, ಆರಿದರೆ ಮುರಿಯುತ್ತದೆ. ಆದುದರಿಂದ ಅಂಗಡಿಯ ಖಡಕ್ ರೊಟ್ಟಿ ಇಲ್ಲಿ ನಡೆಯದು. ಮನೆಯಲ್ಲಿ ಯಾರಾದರೂ ಬಡಿಯಲೇಬೇಕು.

ನಮ್ಮಲ್ಲಿ ಆ ಕೈ ನನ್ನೊಂದಿಗೇ ಮುಗಿಯುವುದೆಂಬ ಅಳುಕಿತ್ತು. ರೊಟ್ಟಿಯೆಂದರೆ ಮುಖ ತಿರುಗಿಸುತ್ತಿದ್ದ ಮೊಮ್ಮಗಳು ಈಚೆಗೆ, “ಅಜ್ಜಿ, ನಾನೂ ಬಡೀತೇನಿ” ಎಂದು ಹಿಟ್ಟಿನ ಮುಂದೆ ಕುಳಿತಳು. ಮೊದಲನೆಯದು ಹರಿಯಿತು, ನಾಲ್ಕನೆಯದು ಹಂಚನ್ನು ಸೇರಿತು. ಅದನ್ನವಳು ಟಾಕೊ ಎಂದೇ ಕರೆಯಲಿ. ಬಡಿದದ್ದು ನಮ್ಮ ರೊಟ್ಟಿಯನ್ನೇ.