ಪಾದವಿಲ್ಲದವರ ಊರು

ಪುಣೆಯ ಯರವಡಾ ಎಂದರೆ ಜನರಿಗೆ ಜೈಲು ನೆನಪಾಗುತ್ತದೆ. ಅದೇ ಯರವಡಾದಲ್ಲಿ, ಹಳೆಯ ಮರಗಳ ನೆರಳಿನಲ್ಲಿ, ಸಾವಿರಾರು ವರ್ಷಗಳ ಹಿಂದೆ ಸತ್ತವರ ಮೂಳೆಗಳನ್ನು ಓದಬಲ್ಲವರ ಒಂದು ಮನೆತನವೇ ಇದೆ. ಅದು ಡೆಕ್ಕನ್ ಕಾಲೇಜು. ಪೇಶ್ವೆಗಳ ಕಾಲದ ದಕ್ಷಿಣೆಯ ಹಣದಿಂದ 1821ರಲ್ಲಿ ಹಿಂದೂ ಕಾಲೇಜು ಎಂಬ ಹೆಸರಿನಲ್ಲಿ ಹುಟ್ಟಿ, 1868ರಲ್ಲಿ ಈ ಬೂದುಗಲ್ಲಿನ ಗಾಥಿಕ್ ಕಟ್ಟಡಕ್ಕೆ ಬಂತು. 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಎರಡನೆಯ ಜನ್ಮ ಪಡೆಯಿತು. ಕನ್ನಡಿಗರಿಗೆ ಇದು ಪರಸ್ಥಳವೇನಲ್ಲ. ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು ಇಲ್ಲಿದ್ದರು. ತುಂಗಭದ್ರೆಯ ದಂಡೆಯ ಶಿಲಾಯುಗದ ಊರುಗಳನ್ನು ಅಗೆದು ತೋರಿಸಿದ ಎಂ.ಎಸ್. ನಾಗರಾಜರಾವ್ ಇಲ್ಲಿಯ ಗರಡಿಯಲ್ಲೇ ಪಳಗಿದವರು.

ನಾನು ಇಲ್ಲಿಗೆ ಬಂದದ್ದು ನಿಯಾಂಡರ್ತಾಲರೆಂಬ ಪ್ರಾಚೀನ ಮಾನವರ ನೆಪದಲ್ಲಿ. ಭಾರತದ ನೆಲದಲ್ಲಿ ಅವರ ಮೂಳೆ ಸಿಕ್ಕಿಲ್ಲ, ನಿಜ. ಆದರೆ ಅವರ ಅಂಶ ನಮ್ಮ ರಕ್ತದಲ್ಲಿದೆ. ಕೋವಿಡ್ ಕಾಯಿಲೆಯನ್ನು ಉಲ್ಬಣಗೊಳಿಸುವ ಒಂದು ಜೀನಿನ ತುಣುಕು ನಿಯಾಂಡರ್ತಾಲರಿಂದ ಬಂದದ್ದು, ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನ ಅದನ್ನು ಹೊತ್ತಿದ್ದಾರೆ ಎಂದು 2020ರಲ್ಲಿ ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ ತೋರಿಸಿಕೊಟ್ಟರು. ಅಂದಮೇಲೆ ನಿಯಾಂಡರ್ತಾಲರು ಒಬ್ಬರನ್ನೊಬ್ಬರು ಎಷ್ಟು ಹೊಡೆದರು, ಎಷ್ಟು ಸಾಕಿದರು ಎಂದು ಕೇಳುವುದು ಮನೆಯ ಹಿರಿಯರ ಬಗ್ಗೆ ಕೇಳಿದಂತೆಯೇ.

ಇರಾಕಿನ ಕುರ್ದಿ ಬೆಟ್ಟಗಳ ಶಾನಿದಾರ್ ಗುಹೆಯಲ್ಲಿ ರಾಲ್ಫ್ ಸೊಲೆಕಿ 1957ರಲ್ಲಿ ಒಬ್ಬ ನಿಯಾಂಡರ್ತಾಲನನ್ನು ಅಗೆದು ತೆಗೆದರು. ಎಡಗಣ್ಣಿನ ಗೂಡಿಗೆ ಬಲವಾದ ಏಟು ಬಿದ್ದಿತ್ತು. ಬಲಗೈ ಬತ್ತಿಹೋಗಿ, ಮೊಣಕೈಯಿಂದ ಕೆಳಗೆ ಇರಲೇ ಇಲ್ಲ. ಕಾಲೂ ಊನ. ಕಿವಿಯ ನಾಳದಲ್ಲಿ ಮೂಳೆ ಬೆಳೆದು ಕಿವುಡಾಗಿತ್ತು. ಅಂಥವನು ನಲವತ್ತರ ಆಸುಪಾಸಿನವರೆಗೆ ಬದುಕಿದ, ಆ ಗಾಯಗಳೆಲ್ಲ ಸಾವಿಗೆ ಎಷ್ಟೋ ವರ್ಷ ಮೊದಲೇ ಮಾಗಿದ್ದವು. ಬೇಟೆಯಾಡಿ ತಿನ್ನುವ ಗುಂಪಿನಲ್ಲಿ ಇದು ಯಾರದೋ ಕೈಯ ಆಸರೆಯಿಲ್ಲದೆ ಆಗುವ ಮಾತಲ್ಲ. ಅದೇ ಗುಹೆಯ ಇನ್ನೊಬ್ಬನ ಎಡಪಕ್ಕೆಲುಬಿನಲ್ಲಿ ಹರಿತವಾದ ಮೊನೆ ಕಚ್ಚಿದ ಗೆರೆಯಿದೆ. ಮೂಳೆ ಕೂಡಿಕೊಳ್ಳಲು ತೊಡಗಿದ ಕೆಲವೇ ವಾರಗಳಲ್ಲಿ ಅವನು ತೀರಿಕೊಂಡ. ಇರಿತ, ಆರೈಕೆ ಎರಡೂ ಒಂದೇ ಗುಹೆಯವು.

ಅವರೇ ಕ್ರೂರಿಗಳು, ನಾವು ಸಾಧುಗಳು ಎನ್ನುವ ಮಾತೂ ನಿಲ್ಲುವುದಿಲ್ಲ. 2018ರಲ್ಲಿ ಜರ್ಮನಿಯ ಟ್ಯೂಬಿಂಗನ್ ಸಂಶೋಧಕರು ನಿಯಾಂಡರ್ತಾಲರ ಮತ್ತು ಹಳೆಯ ಶಿಲಾಯುಗದ ಆಧುನಿಕ ಮಾನವರ ತಲೆಬುರುಡೆಗಳನ್ನು ಹೋಲಿಸಿ ನೋಡಿದಾಗ, ತಲೆಗೆ ಪೆಟ್ಟಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು.

ಬುರುಡೆ ನೋಡಿ ಮನುಷ್ಯನ ಯೋಗ್ಯತೆ ಅಳೆಯುವ ದುರಭ್ಯಾಸಕ್ಕೆ ಡೆಕ್ಕನ್ ಕಾಲೇಜಿನ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬಹಳ ಮೊದಲೇ ಇಲ್ಲ ಎಂದವರು. ಬರ್ಲಿನ್ನಿನಲ್ಲಿ ಆಯ್ಗನ್ ಫಿಶರ್ ಎಂಬ ಜನಾಂಗವಾದಿ ಗುರುವಿನ ಕೈಕೆಳಗೆ ಬುರುಡೆಗಳನ್ನು ಅಳೆದು, ಬುರುಡೆಯ ಓರೆಕೋರೆಗೂ ಜನಾಂಗಕ್ಕೂ ಸಂಬಂಧವಿಲ್ಲ ಎಂದು ಆ ಗುರುವಿನ ನಂಬಿಕೆಗೆ ಎದುರಾಗಿಯೇ ಪ್ರಬಂಧ ಬರೆದರು. ಪರದೇಶದಲ್ಲಿ, ಪದವಿ ಕೊಡುವವನ ಎದುರಿಗೆ! ಮುಂದೆ ಪುರಾತತ್ವಜ್ಞ ಎಚ್.ಡಿ. ಸಾಂಕಲಿಯಾ ಜೊತೆ ಗುಜರಾತಿನ ಲಂಘಣಜದಲ್ಲಿ ಶಿಲಾಯುಗದ ಅಸ್ಥಿಪಂಜರಗಳನ್ನು ಅಗೆದವರೂ ಈ ಇರಾವತಿಯೇ. ಈ ಆವರಣದಲ್ಲಿ ನಡೆಯುವಾಗ ನನಗೆ ಅತಿ ಹೆಚ್ಚು ಗೌರವ ಮೂಡಿದ್ದು ಅವರ ಮೇಲೆ.

ಈ ಕಾಲೇಜಿನವರು ಅಗೆದ ಹಳೆಯ ಊರು ಇನಾಮಗಾಂವಕ್ಕೆ ಪುಣೆಯಿಂದ ಪೂರ್ವಕ್ಕೆ ಹೋಗಬೇಕು. ನಗರ ರಸ್ತೆ ಹಿಡಿದು, ಕಾರ್ಖಾನೆಗಳನ್ನೂ ಕೋರೆಗಾಂವ್ ಭೀಮಾವನ್ನೂ ದಾಟಿ, ಶಿರೂರು ತಾಲ್ಲೂಕಿನ ಕಬ್ಬಿನ ಸೀಮೆಗೆ ಇಳಿಯಬೇಕು. ಘೋಡ್ ನದಿಯ ದಂಡೆ, ಕಪ್ಪು ಎರೆ ಮಣ್ಣು, ನಡುವೆ ದಿಬ್ಬ. ನಮ್ಮ ವಿಜಯಪುರದ ಕಡೆಯವರು ಇಲ್ಲಿ ನಿಂತರೆ ಡೋಣಿ ದಂಡೆಯಲ್ಲೇ ಇದ್ದೇವೆ ಅಂದುಕೊಂಡಾರು. ದಿಬ್ಬದ ಮೇಲೆ ಈಗ ಯಾತ್ರಿಕನ ಕಣ್ಣಿಗೆ ಹಬ್ಬವಾಗುವಂಥದ್ದು ಏನೂ ಇಲ್ಲ. ಇಲ್ಲಿಯ ಅದ್ಭುತವೆಲ್ಲ ಮಣ್ಣಿನೊಳಗಿನದು.

1968ರಿಂದ 1983ರವರೆಗೆ ಎಂ.ಕೆ. ಧವಳೀಕರ್, ಸಾಂಕಲಿಯಾ, ಝಡ್.ಡಿ. ಅನ್ಸಾರಿ ಮತ್ತು ಅವರ ಸಂಗಡಿಗರು ಇಲ್ಲಿ ಅಗೆದರು. ಕ್ರಿ.ಪೂ. 1600ರಿಂದ 700ರವರೆಗೆ ಬಾಳಿದ ರೈತರ ಊರದು. ಅವರು ಬಾರ್ಲಿ ಬೆಳೆದರು, ದನ ಕಟ್ಟಿದರು, ನದಿಯ ನೀರಿಗೆ ಕಾಲುವೆ ತೋಡಿದರು. ಸತ್ತವರನ್ನು ಮಾತ್ರ ಊರಾಚೆ ಒಯ್ಯಲಿಲ್ಲ. ತಾವು ಉಣ್ಣುವ, ಮಲಗುವ ಮನೆಯ ನೆಲದಡಿಯಲ್ಲೇ ಹುಗಿದರು. ಎಳೆಯ ಮಕ್ಕಳನ್ನು ಎರಡು ಗಡಿಗೆಗಳೊಳಗೆ ಇಟ್ಟು, ಗಡಿಗೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಅಡ್ಡ ಮಲಗಿಸಿದರು. ದೊಡ್ಡವರನ್ನು ಉತ್ತರಕ್ಕೆ ತಲೆ ಮಾಡಿ ನೀಳವಾಗಿ ಮಲಗಿಸಿದರು, ಪಾದಗಳನ್ನು ಕತ್ತರಿಸಿ.

ಮೊದಲು ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಸೋತ ಶತ್ರುಗಳೇ, ಗುಲಾಮರೇ, ಶಿಕ್ಷೆಯೇ? ಅಲ್ಲ. ಒಬ್ಬಿಬ್ಬರಲ್ಲ, ವಯಸ್ಕರನ್ನು ಹುಗಿಯುವ ರೂಢಿಯೇ ಅದು, ನೇವಾಸೆ, ಚಾಂದೋಲಿಯಂಥ ಅದೇ ಕಾಲದ ಊರುಗಳಲ್ಲೂ ಉಂಟು. ಸತ್ತವರು ಎದ್ದು ನಡೆಯಬಾರದು, ಮನೆ ಬಿಟ್ಟು ಹೋಗಬಾರದು ಎಂಬ ನಂಬಿಕೆ ಇದರ ಹಿಂದಿದೆ ಎಂದು ಅಗೆದವರು ವಿವರಿಸುತ್ತಾರೆ. ಹೆದರಿಕೆಯೂ ಇದ್ದೀತು. ದೆವ್ವದ ಪಾದ ಹಿಂದುಮುಂದು ಎಂದು ಅಜ್ಜಿಯಿಂದ ಕೇಳಿ ಬೆಳೆದ ನಮಗೆ ಪಾದದ ಭಯ ಹೊಸದಲ್ಲ. ಆದರೆ ಬರೀ ಹೆದರಿಕೆಯಾಗಿದ್ದರೆ ಹೆಣವನ್ನು ಊರ ಹೊರಗೆ ಹಾಕುತ್ತಿದ್ದರು, ಕೂಸು ಮಲಗುವ ಕೋಣೆಯ ಕೆಳಗೆ ಯಾರು ಇಟ್ಟುಕೊಳ್ಳುತ್ತಾರೆ? ಕೊಡಲಿ ಹಿಡಿದ ಆ ಕೈಯಲ್ಲಿ ಅಗಲಲಾರದ ಮಮತೆಯೂ ಇತ್ತು ಎಂದೇ ನಾನು ನಂಬುತ್ತೇನೆ.

ಊರ ನಡುವಿನ ಐದು ಕೋಣೆಯ ದೊಡ್ಡ ಮನೆಯ ಅಂಗಳದಲ್ಲಿ ಒಬ್ಬ ಗಂಡಸು ಸಿಕ್ಕ. ಅವನನ್ನು ನಾಲ್ಕು ಕಾಲಿನ ಭಾರಿ ಮಣ್ಣಿನ ವಾಡೆಯೊಳಗೆ ಚಕ್ಕಳಮಕ್ಕಳ ಕೂರಿಸಿದ್ದರು. ಪಕ್ಕದಲ್ಲಿ ಕಣಜ. ಬಹುಶಃ ಊರಿನ ಗೌಡ. ಅವನ ಪಾದಗಳನ್ನು ಕತ್ತರಿಸಿರಲಿಲ್ಲ.

ಇಂಥ ಕಡಿತದ ಗುರುತು ನಿಯಾಂಡರ್ತಾಲರಲ್ಲೂ ಉಂಟು. ಕ್ರೊಯೇಷಿಯಾದ ಕ್ರಪಿನಾದಲ್ಲಿ ಅವರ ಹಲವು ಮೂಳೆಗಳ ಮೇಲೆ ಕತ್ತಿಯಂಥ ಕಲ್ಲಿನ ಗೆರೆಗಳಿವೆ. ನರಮಾಂಸ ತಿಂದರು ಎಂದು ಒಂದು ಪಕ್ಷ, ಸತ್ತವರ ಮೂಳೆಯನ್ನು ಶುದ್ಧಗೊಳಿಸಿ ಇಟ್ಟರು ಎಂದು ಇನ್ನೊಂದು. ನೂರು ವರ್ಷ ಮೀರಿದರೂ ವಾದ ಮುಗಿದಿಲ್ಲ. ಇನಾಮಗಾಂವವನ್ನು ನೋಡಿದ ಮೇಲೆ ಕ್ರಪಿನಾದವರಿಗೆ ನಾನು ಅವಸರದಲ್ಲಿ ರಾಕ್ಷಸರ ಪಟ್ಟ ಕಟ್ಟಲಾರೆ. ಕಡಿದ ಗುರುತು ಕಡಿದದ್ದನ್ನು ಹೇಳುತ್ತದೆ, ಕಡಿದವನ ಎದೆಯನ್ನಲ್ಲ.

ಗಡಿಗೆಯಲ್ಲಿ ಮಗುವನ್ನು ಹುಗಿಯುವ ರೂಢಿ ನಮ್ಮಲ್ಲೂ ಇತ್ತು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಬಂಡೆಗುಡ್ಡಗಳಲ್ಲಿ ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ 1960ರ ದಶಕದಲ್ಲಿ ಅಂಥ ಗಡಿಗೆಗಳನ್ನು ಕಂಡರು. ಇನಾಮಗಾಂವದ ಮಕ್ಕಳ ಮೂಳೆಗಳನ್ನು ಮೊದಲು ಜಾನ್ ಲ್ಯೂಕಾಕ್ಸ್, ಎಸ್.ಆರ್. ವಾಳಿಂಬೆ, ಆಮೇಲೆ ಗ್ವೆನ್ ರಾಬಿನ್ಸ್ ಶುಗ್ ಅಳೆದರು. ಊರಿನ ಕೊನೆಯ ಶತಮಾನಗಳಲ್ಲಿ, ಚೌಕ ಮನೆಗಳು ಹೋಗಿ ದುಂಡು ಗುಡಿಸಲುಗಳು ಬಂದ ಕಾಲದಲ್ಲಿ, ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ಹೊಟ್ಟೆಗಿಲ್ಲದ ಆ ಕಾಲದಲ್ಲೂ ತಾಯಂದಿರು ಕೂಸಿಗೆ ಜೋಡಿ ಗಡಿಗೆ ತಪ್ಪಿಸಲಿಲ್ಲ.

ಇದೇ ಶುಗ್ ಅವರು 2009ರಲ್ಲಿ ಡೆಕ್ಕನ್ ಕಾಲೇಜಿನ ವಿ.ಎನ್. ಮಿಶ್ರ, ವೀಣಾ ಮುಷ್ರಿಫ್ ತ್ರಿಪಾಠಿ ಮೊದಲಾದವರೊಂದಿಗೆ ಇನ್ನೊಬ್ಬ ಮನುಷ್ಯನನ್ನು ಜಗತ್ತಿಗೆ ಪರಿಚಯಿಸಿದರು. ಉದಯಪುರದ ಹತ್ತಿರ ಬಾಲಾಥಲದಲ್ಲಿ ಸಿಕ್ಕ, ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ, ನಡುವಯಸ್ಸಿನ ಗಂಡಸು. ಮೂಗಿನ ಅಂಚು, ಮೇಲ್ದವಡೆಯ ಮುಂಭಾಗ ಸವೆದಿವೆ. ಕುಷ್ಠ. ಈ ರೋಗ ಮೂಳೆಯನ್ನು ತಿನ್ನಲು ವರ್ಷಗಳು ಬೇಕು. ಅಷ್ಟು ವರ್ಷ ಅವನು ಊರವರ ನಡುವೆ ಉಂಡ, ಬದುಕಿದ. ಹರಪ್ಪದಲ್ಲಿ ಹಾಗಲ್ಲ. ಅಲ್ಲಿ ಊರ ಗೋಡೆಯಾಚೆಯ ಒಂದು ಮೂಳೆರಾಶಿಯಲ್ಲಿ ಒಡೆದ ತಲೆಗಳೂ ಕುಷ್ಠದ ಗುರುತೂ ಒಟ್ಟಿಗೆ ಸಿಕ್ಕಿವೆ. ಅದೇ ರೋಗ, ಬೇರೆ ಜನ. ಬಾಲಾಥಲದವರು ತಮ್ಮ ರೋಗಿಯನ್ನು ಹೊರಗೆ ಎಸೆಯಲಿಲ್ಲ. ದೊಡ್ಡ ಕಲ್ಲಿನ ಆವರಣದ ಒಳಗೆ, ದನದ ಸಗಣಿ ಸುಟ್ಟ ಬೂದಿಯ ನಡುವೆ ಮಣ್ಣು ಮಾಡಿದರು.