ಮರಗಟ್ಟಿದ ಕೆನ್ನೆ

ಮುಖದಲ್ಲಿ ನೋವು ಬಂದರೆ ನಮ್ಮ ಜನ ಮೊದಲು ಸಂದೇಹಪಡುವುದು ಹಲ್ಲನ್ನು. ನನ್ನ ಅಕ್ಕನಿಗೂ ಹಾಗೆಯೇ ಆಯಿತು. 2009ರಲ್ಲಿ ಅವಳ ಎಡಗೆನ್ನೆಯಲ್ಲಿ ಮಿಂಚು ಹೊಡೆದಂತಹ ನೋವು ಆರಂಭವಾದಾಗ, ದಂತವೈದ್ಯರೊಬ್ಬರು ಗಟ್ಟಿಯಾಗಿದ್ದ ಎರಡು ಹಲ್ಲುಗಳನ್ನು ಕಿತ್ತರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಮುಖಕ್ಕೆ ನೀರು ಸೋಕಿದರೆ, ತುತ್ತು ಅಗಿದರೆ, ಬಸ್ಸಿನ ಕಿಟಕಿಯ ಗಾಳಿ ತಗುಲಿದರೆ ಸಾಕು, ಕಣ್ಣುಮುಚ್ಚಿ ಕಲ್ಲಿನಂತೆ ಕುಳಿತುಬಿಡುವಳು. ಕೆನ್ನೆಗೆ ಅರಿಸಿನ ಹಚ್ಚುವುದನ್ನೂ ಬಿಟ್ಟಳು.

ಇದು ಟ್ರೈಜೆಮಿನಲ್ ನರಶೂಲೆ ಎಂದು ಗುರುತಿಸಿದವರು ನರರೋಗ ತಜ್ಞರು. ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದನೆಯದಾದ ಇದು ಹಣೆ, ಮೇಲ್ದವಡೆ, ಕೆಳದವಡೆಗಳಿಗೆ ಮೂರು ಕವಲಾಗಿ ಹರಡುತ್ತದೆ. (ಕಪ್ಪುಹಲಗೆಯ ಮೇಲೆ ನಾನು ಬರೆಯುತ್ತಿದ್ದ ಮೆದುಳಿನ ಚಿತ್ರ ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು.) ಅನೇಕರಲ್ಲಿ, ಈ ನರದ ಬುಡವನ್ನು ರಕ್ತನಾಳವೊಂದು ಒತ್ತಿ ಅದರ ಹೊದಿಕೆಯನ್ನು ಸವೆಸಿರುತ್ತದೆ. 1960ರ ದಶಕದಿಂದ ಬಳಕೆಯಲ್ಲಿರುವ ಕಾರ್ಬಮಜೆಪಿನ್ ಮಾತ್ರೆ ಅಕ್ಕನನ್ನು ಎರಡು ವರ್ಷ ಕಾಪಾಡಿತು. ಆಮೇಲೆ ತೂಕಡಿಕೆ, ತೂರಾಟ, ರಕ್ತದಲ್ಲಿ ಸೋಡಿಯಂ ಕುಸಿತ. ಕಿವಿಯ ಹಿಂದೆ ತಲೆಬುರುಡೆಯನ್ನು ತೆರೆದು ರಕ್ತನಾಳವನ್ನು ನರದಿಂದ ಬೇರ್ಪಡಿಸುವ ಶಸ್ತ್ರಚಿಕಿತ್ಸೆಯನ್ನು ಅವಳ ಹೃದಯ ತಾಳುವಂತಿರಲಿಲ್ಲ.

ಉಳಿದದ್ದು ಮದ್ಯಸಾರದ ಚುಚ್ಚುಮದ್ದು. "ಅಲ್ಲವೋ, ಜೀವಮಾನದಲ್ಲಿ ಹೆಂಡದ ವಾಸನೆ ಕಂಡವಳಲ್ಲ ನಾನು. ಈಗ ಕೆನ್ನೆಗೇ ಚುಚ್ಚಿಸಿಕೊಳ್ಳಬೇಕೇನೋ?" ಎಂದಳು ಅಕ್ಕ. ಅಷ್ಟು ಮಾತಾಡಲು ಎರಡು ಸಲ ನಿಲ್ಲಿಸಬೇಕಾಯಿತು.

ಉಪಾಯ ಹಳೆಯದು. 1903ರಲ್ಲಿ ಜರ್ಮನಿಯ ಷ್ಲೋಸರ್ ಈ ಚಿಕಿತ್ಸೆಯನ್ನು ವರದಿ ಮಾಡಿದರು. 1912ರಲ್ಲಿ ಹೆರ್ಟೆಲ್ ಎಂಬವರು ಕೆನ್ನೆಯ ಮೂಲಕ ಸೂಜಿಯನ್ನು ತಲೆಬುರುಡೆಯ ತಳದ ರಂಧ್ರದೊಳಕ್ಕೆ ಹಾಯಿಸಿ, ನರದ ಗ್ರಂಥಿಯನ್ನೇ ತಲುಪುವ ದಾರಿ ತೋರಿಸಿದರು. ಅಪ್ಪಟ ಮದ್ಯಸಾರವು ನರತಂತುವಿನ ನೀರನ್ನು ಹೀರಿ, ಕೊಬ್ಬನ್ನು ಕರಗಿಸಿ, ಅದನ್ನು ನಾಶಪಡಿಸುತ್ತದೆ. ನೋವಿನ ಜೊತೆಗೆ ಸ್ಪರ್ಶವೂ ಹೋಗುತ್ತದೆ. ಕಾಲಕ್ರಮದಲ್ಲಿ ತಂತು ಮತ್ತೆ ಬೆಳೆಯುತ್ತದೆ, ನೋವೂ ಮರಳುತ್ತದೆ.

ವೈದ್ಯರು ಇದಾವುದನ್ನೂ ಮುಚ್ಚಿಡಲಿಲ್ಲ. ಮೊದಲ ದಿನ ಸಾಮಾನ್ಯ ಅರಿವಳಿಕೆಯನ್ನಷ್ಟೇ ಚುಚ್ಚಿ, "ತಾಯಿ, ಕೆನ್ನೆ ತಿಂಗಳುಗಟ್ಟಲೆ ಹೀಗೆಯೇ ಮರಗಟ್ಟಿರುತ್ತದೆ. ಮನೆಗೆ ಹೋಗಿ ಊಟ ಮಾಡಿ ನೋಡಿ, ಆಮೇಲೆ ಹೇಳಿ" ಎಂದರು. ಆಸ್ಪತ್ರೆಗಳಲ್ಲಿ ಓದಗೊಡದೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರಗಳಿಗಿಂತ ಇದು ಎಷ್ಟೋ ಮೇಲು. ಆ ಮಧ್ಯಾಹ್ನ ಅಕ್ಕ ಮುದ್ದೆಯನ್ನಲ್ಲ, ಚಪಾತಿಯನ್ನೇ ಕೇಳಿದಳು. ನಿಧಾನವಾಗಿ, ಎರಡೂ ಬದಿಯಲ್ಲಿ ಅಗಿದು ತಿಂದಳು. ನಾವು ಯಾರೂ ಮಾತಾಡಲಿಲ್ಲ. ಕೈತೊಳೆದು ಬಂದು, "ಕೆನ್ನೆ ಯಾರದ್ದೋ ಅನ್ನಿಸುತ್ತದೆ. ಆಗಲಿ, ಚುಚ್ಚಲಿ" ಎಂದಳು.

ಮರುವಾರ ಕಣ್ಣುಗೂಡಿನ ಕೆಳಗಿನ ಕವಲಿಗೆ ಸುಮಾರು ಒಂದು ಮಿಲಿಲೀಟರ್ ಮದ್ಯಸಾರ ಚುಚ್ಚಿದರು. ಕ್ಷಣಕಾಲ ಬೆಂಕಿ ಇಟ್ಟಂತಾಗಿ, ಆಮೇಲೆ ಏನೂ ಇಲ್ಲ. ಮೇಲ್ದುಟಿಯಲ್ಲಿ ಅನ್ನದ ಅಗುಳು ಅಂಟಿದ್ದರೂ ತಿಳಿಯದು, ಬಿಸಿ ಕಾಫಿ ತುಟಿ ಸುಟ್ಟರೂ ತಿಳಿಯದು. ಊಟವಾದೊಡನೆ ಕನ್ನಡಿಯ ಮುಂದೆ ನಿಲ್ಲುವ ಅವಳನ್ನು ಮೊಮ್ಮಕ್ಕಳು ಶೃಂಗಾರದ ಅಜ್ಜಿ ಎಂದು ರೇಗಿಸುತ್ತಿದ್ದರು.

ಹದಿನಾಲ್ಕು ತಿಂಗಳು ಸುಖವಾಗಿದ್ದಳು. ಎರಡನೆಯ ಸಲದ ಚುಚ್ಚುಮದ್ದು ಎಂಟೇ ತಿಂಗಳು ನಿಂತಿತು. 2014ರಲ್ಲಿ, ಸೂಜಿಯ ತುದಿಯ ಶಾಖದಿಂದ ನರವನ್ನು ಸುಡುವ ರೇಡಿಯೋ ತರಂಗ ಚಿಕಿತ್ಸೆಗೆ ಒಪ್ಪಿದಳು. ಈಗ ಅರಿಸಿನ ಮತ್ತೆ ಕೆನ್ನೆಗೆ ಏರಿದೆ. ಕಾಫಿಯನ್ನು ಮಾತ್ರ ಬಲ ತುಟಿಗೆ ಸೋಕಿಸಿ ನೋಡಿಯೇ ಕುಡಿಯುತ್ತಾಳೆ.